ಕಾರಿನ ಹೀಟರ್ ಬಿಸಿಗಾಳಿ ಕೊಡದಿದ್ದರೆ: ದೋಷ ಹುಡುಕುವ, ಸರಿಪಡಿಸುವ ಕ್ರಮ

ಹೀಟರ್ ಕೆಲಸ ಮಾಡುತ್ತಿಲ್ಲ ಎಂದಾಗ ಮೊದಲು ಖಚಿತ ಮಾಡಿಕೊಳ್ಳಬೇಕಾದ್ದು ಒಂದು ವಿಷಯ: ಗಾಳಿಯೇ ಬರುತ್ತಿಲ್ಲವೋ, ಗಾಳಿ ಬರುತ್ತಿದ್ದರೂ ಅದು ತಣ್ಣಗಿದೆಯೋ? ಎರಡೂ ಬೇರೆ ಬೇರೆ ಕಾಯಿಲೆಗಳು. ಗಾಳಿ ಬರದಿದ್ದರೆ ಅದು ಹೆಚ್ಚಾಗಿ ಕರೆಂಟಿನ ತಕರಾರು. ಗಾಳಿ ತಣ್ಣಗಿದ್ದರೆ ಹೆಚ್ಚಿನ ಸಲ ಕೂಲಂಟಿನ (ಎಂಜಿನ್ನನ್ನು ತಣಿಸುವ ದ್ರವದ) ತಕರಾರು, ಕೆಲವೊಮ್ಮೆ ಡ್ಯಾಶ್‌ಬೋರ್ಡಿನೊಳಗೆ ತಿರುಗಬೇಕಾದ ಒಂದು ಪ್ಲಾಸ್ಟಿಕ್ ಬಾಗಿಲಿನದು. ಇದನ್ನು ಬೇರ್ಪಡಿಸಿಕೊಳ್ಳದೆ ನೇರ ಪಾರ್ಟ್ ಬದಲಿಸಲು ಹೊರಟವರು ಥರ್ಮೋಸ್ಟಾಟ್, ಪಂಪ್, ಹೀಟರ್ ಕೋರ್ ಎಂದು ಒಂದೊಂದಾಗಿ ಹಾಕಿಸಿ, ಕೊನೆಗೆ ಅರ್ಧ ಲೀಟರ್ ಕೂಲಂಟ್ ಕಡಿಮೆಯಿತ್ತು ಎಂದು ಕಂಡುಕೊಳ್ಳುತ್ತಾರೆ.

ಎಂಜಿನ್ ಇರುವ ಕಾರಿನ ಹೀಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಎಂಜಿನ್ ಹೇಗೂ ಹೊರಗೆ ಬಿಡಬೇಕಾದ ಬಿಸಿಯಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಅಷ್ಟೇ. ಎಂಜಿನ್ನಿನಲ್ಲಿ ಕಾದ ಕೂಲಂಟನ್ನು ವಾಟರ್ ಪಂಪ್ ಒಂದು ಹೋಸಿನ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರಿಗೆ ತಳ್ಳುತ್ತದೆ. ಹೀಟರ್ ಕೋರ್ ಎಂದರೆ ಪುಸ್ತಕದಷ್ಟು ದೊಡ್ಡ ಪುಟ್ಟ ರೇಡಿಯೇಟರ್. ಬ್ಲೋವರ್ ಮೋಟರಿನ ಗಾಳಿ ಅದರ ಮೂಲಕ ಹಾದು ಬಿಸಿಯಾಗಿ ಒಳಗೆ ಬರುತ್ತದೆ, ಕೂಲಂಟ್ ಎರಡನೇ ಹೋಸಿನಲ್ಲಿ ಎಂಜಿನ್ನಿಗೆ ಮರಳುತ್ತದೆ. ಹಾಗಾಗಿ ಬಿಸಿಗಾಳಿ ಬರಲು ನಾಲ್ಕು ಸಂಗತಿ ಕೂಡಿಬರಬೇಕು: ಎಂಜಿನ್ ಕಾಯಬೇಕು, ಕಾದ ಕೂಲಂಟ್ ಕೋರಿನೊಳಗೆ ಹರಿಯಬೇಕು, ಗಾಳಿ ಕೋರಿನ ಮೂಲಕವೇ ಹಾಯಬೇಕು, ಬ್ಲೋವರ್ ತಿರುಗಬೇಕು.

ಮೊದಲು ಕೂಲಂಟ್ ಮಟ್ಟ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ನೋಡಿ. ಬಿಸಿ ಎಂಜಿನ್ನಿನ ಕ್ಯಾಪ್ ಬಿಚ್ಚುವ ಮಾತೇ ಬೇಡ. ಸಿಸ್ಟಮ್ ಸುಮಾರು 1 ಬಾರ್ ಒತ್ತಡದಲ್ಲಿರುತ್ತದೆ. ಆ ಒತ್ತಡದಿಂದಾಗಿಯೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತಿರುವಿದ ಕ್ಷಣ ಒತ್ತಡ ಇಳಿದು, ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ.

ಎಕ್ಸ್‌ಪಾನ್ಷನ್ ಟ್ಯಾಂಕಿನಲ್ಲಿ, ಅಂದರೆ ಕೂಲಂಟ್ ತುಂಬುವ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ, ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ತಕರಾರಿನ ಬುಡ ಬಹುತೇಕ ಸಿಕ್ಕಿತು ಎಂದುಕೊಳ್ಳಬಹುದು. ಅನೇಕ ಕಾರುಗಳಲ್ಲಿ ಹೀಟರ್ ಕೋರ್ ಕೂಲಂಟ್ ಸುತ್ತುವ ದಾರಿಯಲ್ಲೇ ಎತ್ತರದ ಜಾಗದಲ್ಲಿರುತ್ತದೆ. ಕೂಲಂಟ್ ಕಡಿಮೆಯಾದರೆ ಗಾಳಿ ಮೊದಲು ಅಲ್ಲಿಗೇ ಸೇರುತ್ತದೆ. ಎಂಜಿನ್ ಇನ್ನೂ ಸುರಕ್ಷಿತವಾಗಿರುವಾಗಲೇ ಹೀಟರ್ ಮಾತ್ರ ತಣ್ಣಗಾಗುವುದು ಇದರಿಂದ. ಆ ಲೆಕ್ಕದಲ್ಲಿ ಹೀಟರ್ ತಣ್ಣಗಾಗುವುದು ಎಂಜಿನ್ ಅತಿಯಾಗಿ ಕಾಯುವ ಮೊದಲು ಸಿಗುವ ಎಚ್ಚರಿಕೆ. ಟೆಂಪರೇಚರ್ ಮುಳ್ಳು ಏರುವವರೆಗೆ ಕಾಯಬೇಡಿ.

ಹಳೆಯ ಮಾದರಿಯ ರೇಡಿಯೇಟರಿಗೆ ತನ್ನದೇ ಕ್ಯಾಪ್ ಇದ್ದರೆ ಅದನ್ನೂ ತೆಗೆದು ನೋಡಬೇಕು. ಪಕ್ಕದ ಪ್ಲಾಸ್ಟಿಕ್ ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದುಂಟು. ಕ್ಯಾಪಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ತಣ್ಣಗಾಗುವಾಗ ಬಾಟಲಿಯಿಂದ ಕೂಲಂಟ್ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಗಾಳಿಯನ್ನು ಎಳೆದುಕೊಳ್ಳುತ್ತದೆ.

ಟಾಪ್ ಅಪ್ ಮಾಡುವಾಗ ತಯಾರಕರು ಹೇಳಿದ ಜಾತಿಯ ಕೂಲಂಟನ್ನೇ ಹಾಕಿ. ಬಣ್ಣ ನೋಡಿ ಆರಿಸಬೇಡಿ. ಒಂದೇ ಬಣ್ಣದಲ್ಲಿ ಬೇರೆ ಬೇರೆ ರಸಾಯನದ ಕೂಲಂಟ್‌ಗಳು ಬರುತ್ತವೆ, ಹೊಂದದ ಎರಡು ಬೆರೆತರೆ ಕೆಲವೊಮ್ಮೆ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಕಾನ್ಸಂಟ್ರೇಟ್ ಆಗಿದ್ದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮಪಾಲು. ಎಥಿಲೀನ್ ಗ್ಲೈಕಾಲ್ ಸಮಪಾಲಿನ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಸುರಿದವರ ಕಾರಿನಲ್ಲಿ ತುಕ್ಕು ಮೊದಲು ಕಟ್ಟಿಕೊಳ್ಳುವುದು ಹೀಟರ್ ಕೋರಿನ ಸಣ್ಣ ಟ್ಯೂಬುಗಳಲ್ಲೇ.

ಮಟ್ಟ ಇಳಿದಿತ್ತು ಎಂದರೆ ಕೂಲಂಟ್ ಎಲ್ಲೋ ಹೋಗಿದೆ. ತುಂಬಿಸಿ ಸುಮ್ಮನಾಗದೆ ಎಲ್ಲಿಗೆ ಹೋಯಿತು ಎಂದು ಹುಡುಕಬೇಕು. ಆ ವಿಷಯ ಮುಂದಿದೆ.

ಎರಡು ಹೋಸ್ ಮುಟ್ಟಿ ನೋಡುವುದು

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ತಿಳಿಸುವ ಹೆಜ್ಜೆ ಇದೇ. ಕಾಸಿನ ಖರ್ಚಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯೊಳಗೆ ಅಕ್ಕಪಕ್ಕದಲ್ಲಿ ನುಗ್ಗುವ ಹೆಬ್ಬೆರಳ ದಪ್ಪದ ಎರಡು ರಬ್ಬರ್ ಹೋಸ್ ಕಾಣುತ್ತವೆ. ಒಂದು ಕೋರಿಗೆ ಹೋಗುವುದು, ಇನ್ನೊಂದು ಬರುವುದು.

ಕಾರನ್ನು 15–20 ನಿಮಿಷ ಓಡಿಸಿ ಎಂಜಿನ್ ಪೂರ್ತಿ ಕಾಯಿಸಿ. ಟೆಂಪರೇಚರ್ ಗುಂಡಿ ಪೂರ್ತಿ ಬಿಸಿಗೆ, ಬ್ಲೋವರ್ ಮಧ್ಯಮ ವೇಗಕ್ಕೆ ಇಡಿ. ಎಂಜಿನ್ ಐಡಲ್‌ನಲ್ಲಿರಲಿ. ಬೆಲ್ಟ್, ಫ್ಯಾನುಗಳಿಂದ ತೋಳು ದೂರವಿರಲಿ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ. ಹೋಸ್ 80–90 ಡಿಗ್ರಿ ಇರುವುದರಿಂದ ಹಿಡಿದುಕೊಳ್ಳಬೇಡಿ, ಬೆರಳ ಹಿಂಬದಿ ತಾಗಿಸಿ ತಟ್ಟನೆ ತೆಗೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಕಪ್ಪು ರಬ್ಬರಿಗೇ ಗುರಿಯಿಡಿ. ಹೊಳೆಯುವ ಲೋಹದ ಪೈಪಿನ ಮೇಲೆ ಅದು ತೋರಿಸುವ ಅಂಕಿ ನಂಬುವಂತಿಲ್ಲ.

ಎರಡೂ ಹೋಸ್ ಕೈ ಇಡಲಾಗದಷ್ಟು ಬಿಸಿ, ಒಳಗೆ ಮಾತ್ರ ತಣ್ಣನೆ ಗಾಳಿ: ಕೂಲಂಟ್ ತನ್ನ ಕೆಲಸ ಮಾಡುತ್ತಿದೆ. ಗಾಳಿ ಕೋರಿನ ಮೂಲಕ ಹೋಗುತ್ತಿಲ್ಲ. ಗಾಳಿಯ ದಾರಿ ತಿರುಗಿಸುವ ಆ ಪ್ಲಾಸ್ಟಿಕ್ ಬಾಗಿಲು, ಅಂದರೆ ಬ್ಲೆಂಡ್ ಡೋರ್, ನೋಡಿ.

ಒಂದು ಬಿಸಿ, ಇನ್ನೊಂದು ತಣ್ಣಗೆ ಅಥವಾ ಉಗುರುಬೆಚ್ಚಗೆ: ಕೋರ್ ಕಟ್ಟಿಕೊಂಡಿದೆ, ಅಥವಾ ಅದರಲ್ಲಿ ಗಾಳಿ ತುಂಬಿದೆ, ಅಥವಾ ಹೀಟರ್ ವಾಲ್ವ್ ಮುಚ್ಚಿಕೊಂಡಿದೆ. ಸರಿಯಿರುವ ಕೋರಿನಲ್ಲಿ ಎರಡು ಹೋಸುಗಳ ನಡುವೆ ಸಾಮಾನ್ಯವಾಗಿ 10–15 ಡಿಗ್ರಿ ವ್ಯತ್ಯಾಸವಿರುತ್ತದೆ. 25–30 ದಾಟಿದರೆ ಹರಿವು ಕುಂಠಿತವಾಗಿದೆ.

ಎರಡೂ ಉಗುರುಬೆಚ್ಚಗೆ: ಎಂಜಿನ್ನೇ ಕಾಯುತ್ತಿಲ್ಲ. ಎಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಆದ ಥರ್ಮೋಸ್ಟಾಟ್ ಮೇಲೆ ಅನುಮಾನ.

ಎರಡೂ ತಣ್ಣಗೆ, ಎಂಜಿನ್ ಮಾತ್ರ ಬಿಸಿ: ಕೂಲಂಟ್ ಕಡಿಮೆ, ದೊಡ್ಡ ಏರ್ ಲಾಕ್ (ಹರಿವು ತಡೆಯುವ ಗಾಳಿ) ಅಥವಾ ಪಂಪ್ ಕೆಟ್ಟಿದೆ. ಇಂಥ ಸ್ಥಿತಿಯಲ್ಲಿ ಕಾರು ಓಡಿಸಬೇಡಿ.

ಕೋರಿಗೆ ಹೋಗುವ ಕೂಲಂಟನ್ನು ಬಿಡುವ, ತಡೆಯುವ ಹೀಟರ್ ವಾಲ್ವ್ ಎಲ್ಲ ಕಾರಿನಲ್ಲೂ ಇರುವುದಿಲ್ಲ. ಇದ್ದರೆ ಒಳಹೋಗುವ ಹೋಸಿನ ನಡುವೆಯೇ ಕೂತಿರುತ್ತದೆ. ಅದಕ್ಕೂ ಮುಂಚಿನ ಹೋಸ್ ಬಿಸಿ, ದಾಟಿದ ಮೇಲೆ ತಣ್ಣಗೆ ಇದ್ದರೆ ಅದೇ ಅಪರಾಧಿ. ಕೇಬಲ್‌ನದ್ದಾದರೆ ಇನ್ನೊಬ್ಬರಿಗೆ ಗುಂಡಿ ತಿರುಗಿಸಲು ಹೇಳಿ ಲಿವರ್ ಪೂರ್ತಿ ಆಡುತ್ತದೆಯೇ ನೋಡಿ. ವ್ಯಾಕ್ಯೂಮ್‌ನದ್ದಾದರೆ ಸಣ್ಣ ರಬ್ಬರ್ ಟ್ಯೂಬ್ ಕಳಚಿದೆಯೇ, ಸೀಳಿದೆಯೇ ನೋಡಿ.

ಓಡುವಾಗಲೋ ನಿಂತಾಗಲೋ?

ಯಾವಾಗ ತಣ್ಣಗಾಗುತ್ತದೆ ಎಂಬುದರಲ್ಲೂ ಸುಳಿವಿದೆ. ಊರೊಳಗೆ ನಿಧಾನವಾಗಿ ಹೋಗುವಾಗ ಬಿಸಿ ಬಂದು, ಹೈವೇಯಲ್ಲಿ ವೇಗ ಹೆಚ್ಚಿದಂತೆ ತಣ್ಣಗಾಗುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ: ಮುಂದಿನಿಂದ ನುಗ್ಗುವ ಗಾಳಿ ರೇಡಿಯೇಟರನ್ನು ಎಂಜಿನ್ ಕಾಯಿಸುವುದಕ್ಕಿಂತ ಬೇಗ ತಣಿಸುತ್ತಿದೆ. ಇದಕ್ಕೆ ತಿರುಗುಮುರುಗಾಗಿ, ಎಕ್ಸಲರೇಟರ್ ಒತ್ತಿದಾಗ ಬಿಸಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗಾದರೆ ಕೂಲಂಟ್ ಕಡಿಮೆ, ಗಾಳಿ ಸೇರಿದೆ, ಇಲ್ಲವೇ ಪಂಪ್ ದುರ್ಬಲವಾಗಿದೆ. ಕೆಲವು ಪಂಪುಗಳ ಇಂಪೆಲ್ಲರ್, ಅಂದರೆ ಕೂಲಂಟ್ ತಳ್ಳುವ ಒಳಚಕ್ರ, ಪ್ಲಾಸ್ಟಿಕ್ಕಿನದು. ಅದು ಬಿರುಕು ಬಿಟ್ಟು ಶಾಫ್ಟಿನ ಮೇಲೆ ಜಾರುತ್ತದೆ; ಹೊರಗಿನಿಂದ ಪುಲ್ಲಿ ತಿರುಗುವುದು ಕಾಣುತ್ತದೆ, ಒಳಗೆ ಕೂಲಂಟ್ ಚಲಿಸುವುದಿಲ್ಲ. ಸೋರಿಕೆಯೂ ಇಲ್ಲ, ಸದ್ದೂ ಇಲ್ಲ. ಹಾಗಾಗಿ ಪಂಪ್ ಹೊರಗಿನಿಂದ ಚೆನ್ನಾಗಿ ಕಂಡಿತು ಎಂದು ಅದನ್ನು ಪಟ್ಟಿಯಿಂದ ಬಿಡಬೇಡಿ.

ಥರ್ಮೋಸ್ಟಾಟ್

ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯದಲ್ಲಿದೆ ಎಂದರೆ ಎಂಜಿನ್ ಕಾದಿದೆ ಎಂದು ಅರ್ಥವಲ್ಲ. ಈಗಿನ ಅನೇಕ ಕಾರುಗಳಲ್ಲಿ ಕೂಲಂಟ್ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ಅಲ್ಲಾಡದಂತೆ ಮಾಡಿರುತ್ತಾರೆ. ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಂಕಿ, ದೋಷದ ಕೋಡ್ ಓದುವ ಸಾಧನ) ಹಾಕಿ ಕೂಲಂಟ್ ಟೆಂಪರೇಚರ್ ಅಂಕಿಯನ್ನೇ ಓದಿ. ಬಹುತೇಕ ಎಂಜಿನ್ನುಗಳಲ್ಲಿ ಅದು 85–100 ಡಿಗ್ರಿ ನಡುವೆ ನಿಲ್ಲಬೇಕು. ಅರ್ಧ ಗಂಟೆ ಓಡಿಸಿದರೂ 65–70ರಲ್ಲೇ ತೂಗುತ್ತಿದ್ದರೆ ಥರ್ಮೋಸ್ಟಾಟ್ ಹೋಗಿದೆ. ಪಿ0128 ಎಂಬ ಕೋಡ್ ಸಿಕ್ಕರೆ ಅದರ ಅರ್ಥವೂ ಇದೇ: ಕೂಲಂಟ್ ಸಾಕಷ್ಟು ಕಾಯುತ್ತಿಲ್ಲ. ಆದರೆ ಮಟ್ಟ ಕಡಿಮೆಯಾಗಿದ್ದರೂ ಈ ಕೋಡ್ ಬರಬಹುದು.

ಸ್ಕ್ಯಾನರ್ ಇಲ್ಲದಿದ್ದರೆ ತಣ್ಣನೆ ಎಂಜಿನ್ ಶುರುಮಾಡಿ, ರೇಡಿಯೇಟರಿಗೆ ಹೋಗುವ ದಪ್ಪ ಹೋಸ್ ಮುಟ್ಟುತ್ತಾ ಇರಿ. ಥರ್ಮೋಸ್ಟಾಟ್ ಸರಿಯಿದ್ದರೆ ಅದು ಹಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಸ್ವಲ್ಪಸ್ವಲ್ಪವಾಗಿ ಬೆಚ್ಚಗಾಗುತ್ತಾ ಹೋದರೆ ತೆರೆದು ನಿಂತಿದೆ ಎಂದರ್ಥ.

ಬಿಚ್ಚಿದ ಥರ್ಮೋಸ್ಟಾಟನ್ನು ಒಲೆಯ ಮೇಲೆ ಪರೀಕ್ಷಿಸಬಹುದು. ದಾರ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೈಮೇಲೆ 82 ಅಥವಾ 88 ಎಂಬಂಥ ಅಂಕಿ ಒತ್ತಿರುತ್ತಾರೆ. ಆ ತಾಪದ ಆಸುಪಾಸು ತೆರೆಯಲು ಶುರುವಾಗಿ, ಇನ್ನು 10–15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ತಣ್ಣೀರಿನಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ ಪರೀಕ್ಷೆಯ ಅಗತ್ಯವೂ ಇಲ್ಲ. ಹೊಸದನ್ನು ಹಾಕುವಾಗ ಸ್ಪ್ರಿಂಗ್ ಎಂಜಿನ್ ಕಡೆಗಿರಬೇಕು, ಅದರಲ್ಲಿ ಸಣ್ಣ ತೂಗುಪಿನ್ ಇದ್ದರೆ ಅದು ಮೇಲ್ಬದಿಗೆ ಬರಬೇಕು. ಸಿಕ್ಕಿಬಿದ್ದ ಗಾಳಿ ಆ ತೂತಿನಿಂದಲೇ ಹೊರಹೋಗುವುದು. ಗ್ಯಾಸ್ಕೆಟ್ ಹೊಸದೇ ಇರಲಿ. ಬಿಸಿ ಹೆಚ್ಚು ಬರಲಿ ಎಂದು ಮೇಲಿನ ರೇಟಿಂಗಿನ ಥರ್ಮೋಸ್ಟಾಟ್ ಹಾಕುವುದು, ಅಥವಾ ಎಂಜಿನ್ ಅತಿಯಾಗಿ ಕಾಯದಿರಲಿ ಎಂದು ಅದನ್ನು ಕಿತ್ತೇ ಬಿಡುವುದು, ಎರಡೂ ಕೆಟ್ಟ ಉಪಾಯಗಳು.

ಗಾಳಿ ತೆಗೆಯುವುದು

ಕೂಲಂಟಿನ ದಾರಿಯಲ್ಲಿ ಗಾಳಿ ಸೇರಿದ್ದರೆ ಶುರುಮಾಡಿದ ಕೂಡಲೇ, ಎಕ್ಸಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಗೊಳಗೊಳ ಸದ್ದು ಬರುತ್ತದೆ, ಹೂಜಿಯಿಂದ ನೀರು ಬಗ್ಗಿಸಿದ ಹಾಗೆ. ಕೂಲಂಟ್ ಬದಲಿಸಿದ ಅಥವಾ ಹೋಸ್ ಬಿಚ್ಚಿದ ಯಾವ ಕೆಲಸದ ನಂತರವೂ ಇದು ಬರಬಹುದು.

ತಣ್ಣನೆ ಎಂಜಿನ್ನಿನಲ್ಲಿ, ಕಾರಿನ ಮೂತಿ ಮೇಲಾಗುವಂತೆ ಏರುಜಾಗದಲ್ಲೋ ರ‍್ಯಾಂಪಿನ ಮೇಲೋ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಅಡ್ಡ ಇಡಿ. ಉದ್ದೇಶ ಇಷ್ಟೇ, ಕೂಲಂಟ್ ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಬೇಕು. ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ತುಂಬಿಸುತ್ತಾ ಹೋಗಿ. ಗುಳ್ಳೆಯಿಲ್ಲದೆ ಕೂಲಂಟ್ ಬಂದ ಮೇಲೆ ಮುಚ್ಚಿ. ಅದು ಹಲವು ಕಾರುಗಳಲ್ಲಿ ಪ್ಲಾಸ್ಟಿಕ್ಕಿನದು, ಜೋರು ಮಾಡಿದರೆ ತಲೆ ಮುರಿಯುತ್ತದೆ. ನಂತರ ಬಾಯಿಗೆ ಬಿಗಿಯಾಗಿ ಕೂರುವ ಫನಲ್ ಹಾಕಿ, ಅದರಲ್ಲಿ ಅರ್ಧ ಕೂಲಂಟ್ ನಿಲ್ಲಿಸಿ ಎಂಜಿನ್ ಶುರುಮಾಡಿ. ಥರ್ಮೋಸ್ಟಾಟ್ ತೆರೆದಾಗ ಫನಲ್ಲಿನ ಮಟ್ಟ ಒಮ್ಮೆ ಕುಸಿಯುತ್ತದೆ, ದೊಡ್ಡ ಗುಳ್ಳೆಗಳು ಬರುತ್ತವೆ. ನಡುನಡುವೆ ಎಂಜಿನ್ನನ್ನು 2000–2500 ಆರ್‌ಪಿಎಂಗೆ ಅರ್ಧ ನಿಮಿಷ ಏರಿಸಿ ಬಿಡಿ. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತು, ಗುಳ್ಳೆ ಬರುವುದೂ ನಿಂತರೆ ಕೆಲಸ ಆಯಿತು. ಎಂಜಿನ್ ಆರಿದ ಮೇಲೆ ಮಟ್ಟ ಮತ್ತೆ ನೋಡಿ, ಇನ್ನೊಂದಿಷ್ಟು ಬೇಡುತ್ತದೆ. ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಕಾರುಗಳಿಗೆ ಈ ವಿಧಾನ ಸಾಲದು, ಅವಕ್ಕೆ ತಯಾರಕರು ಹೇಳಿದ ಬ್ಲೀಡಿಂಗ್ ಕ್ರಮವೇ ಬೇಕು.

ಗುಳ್ಳೆ ನಿಲ್ಲುವುದೇ ಇಲ್ಲ, ನಾಲ್ಕು ದಿನಕ್ಕೆ ಮತ್ತೆ ಗೊಳಗೊಳ ಎಂದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಅನುಮಾನಿಸಿ. ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿರಬಹುದು. ಕೆಮಿಕಲ್ ಬ್ಲಾಕ್ ಟೆಸ್ಟ್ ಮಾಡಿಸಿ: ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ, ದ್ರವ ಹಳದಿಗೆ ತಿರುಗಿದರೆ ಎಕ್ಸಾಸ್ಟ್ ಗ್ಯಾಸ್ ಇದೆ. ಅಂಥ ಕಾರಿನಲ್ಲಿ ಹೀಟರ್ ರಿಪೇರಿ ಮಾಡುತ್ತಾ ಕೂರುವುದು ದಂಡ.

ಕೋರ್ ತೊಳೆಯುವುದು

ಮಟ್ಟ ಸರಿ, ಕೂಲಂಟಿನಲ್ಲಿ ಗಾಳಿ ಸೇರಿಲ್ಲ, ವಾಲ್ವ್ ತೆರೆದಿದೆ, ಆದರೂ ಒಂದು ಹೋಸ್ ಬಿಸಿ ಇನ್ನೊಂದು ತಣ್ಣಗೆ ಎಂದಾದರೆ ಕೋರ್ ಕಟ್ಟಿದೆ. ಒಂದು ಬದಿಯ ವೆಂಟಿನಲ್ಲಿ ಬಿಸಿ, ಇನ್ನೊಂದರಲ್ಲಿ ತಣ್ಣಗೆ ಬರುವುದೂ ಅರೆಬರೆ ಕಟ್ಟಿದ ಕೋರಿನ ಲಕ್ಷಣ ಇರಬಹುದು. ಹೊಸ ಕೋರಿನ ಬೆಲೆ ದೊಡ್ಡದಲ್ಲ. ಅದನ್ನು ತಲುಪಲು ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಅದಕ್ಕೇ ಮೊದಲು ತೊಳೆದು ನೋಡುವುದು.

ಎಂಜಿನ್ ಆರಿರಲಿ. ಹೀಟರ್ ಹೋಸುಗಳಿಗಿಂತ ಕೆಳಗಿಳಿಯುವಷ್ಟು ಕೂಲಂಟನ್ನು ಶುದ್ಧವಾದ ಪಾತ್ರೆಗೆ ಬಸಿದುಕೊಳ್ಳಿ, ಸಾಮಾನ್ಯವಾಗಿ ಎರಡು ಮೂರು ಲೀಟರ್. ಯಾವ ಹೋಸ್ ಎಲ್ಲಿಯದು ಎಂದು ಟೇಪಿನಿಂದ ಗುರುತು ಮಾಡಿ. ಕ್ಲಾಂಪ್ ಹಿಂದೆ ಸರಿಸಿದ ಮೇಲೆ ಹೋಸನ್ನು ಎಳೆಯಬೇಡಿ. ಮೊದಲು ತಿರುಚಿ ಅಂಟು ಬಿಡಿಸಿ. ಆಗಲೂ ಜಗ್ಗದಿದ್ದರೆ ಹೋಸಿನ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ. ಬ್ಲೇಡ್ ಪೈಪಿಗೆ ಗೀರು ಹಾಕದಿರಲಿ. ಹೋಸ್ ಮತ್ತೆ ಸಿಗುತ್ತದೆ. ಕೋರಿನ ಪೈಪ್ ತೆಳು ಅಲ್ಯೂಮಿನಿಯಮ್, ಬೆಸುಗೆಯಲ್ಲಿ ಒಮ್ಮೆ ಬಿರಿದರೆ ಡ್ಯಾಶ್‌ಬೋರ್ಡ್ ಇಳಿಸುವ ಕೆಲಸ ಖಾಯಂ.

ಕೋರಿನ ಎರಡೂ ಪೈಪಿಗೆ ತುಂಡು ಹೋಸ್ ಸಿಕ್ಕಿಸಿ. ಒಳವ್ಯಾಸ ಹೆಚ್ಚಾಗಿ 16 ಅಥವಾ 19 ಮಿಲಿಮೀಟರ್. ಪಾರದರ್ಶಕ ಹೋಸಾದರೆ ಹೊರಬರುವುದೇನೆಂದು ಕಾಣುತ್ತದೆ. ನೀರನ್ನು ಮಾಮೂಲಿ ಹರಿವಿಗೆ ಎದುರಾಗಿ, ಅಂದರೆ ಕೂಲಂಟ್ ಹೊರಬರುವ ಪೈಪಿನಿಂದ ಒಳಬಿಡಿ. ನಲ್ಲಿಯನ್ನು ನಿಧಾನಕ್ಕೆ ತಿರುವಿ; ಪೂರ್ತಿ ಜೋರಿನಲ್ಲಿ ಬಿಟ್ಟರೆ ಹಳೆಯ ಕೋರ್ ಒಡೆಯಬಹುದು. ಇನ್ನೊಂದು ತುದಿ ಬಕೆಟ್ಟಿನೊಳಗಿರಲಿ. ಮೊದಲು ಬರುವ ಕೊಳೆಯಲ್ಲಿ ಕಾರಣ ಬರೆದಿರುತ್ತದೆ: ಕೆಂಪು ಕೆಸರಾದರೆ ತುಕ್ಕು, ಲೋಳೆಯಾದರೆ ಬೆರಕೆ ಕೂಲಂಟ್, ಮಿನುಗುವ ಪುಡಿಯೋ ಕಂದು ಚೂರುಗಳೋ ಬಂದರೆ ಹಿಂದೆ ಯಾರೋ ಸುರಿದ ಲೀಕ್ ನಿಲ್ಲಿಸುವ ಪುಡಿ. ರೇಡಿಯೇಟರ್ ತೂತು ಮುಚ್ಚಲು ಹಾಕಿದ ಆ ಪುಡಿ ಮೊದಲು ಮುಚ್ಚುವುದು ಹೀಟರ್ ಕೋರನ್ನು.

ಒಂದೆರಡು ನಿಮಿಷ ಬಿಟ್ಟು ದಿಕ್ಕು ಬದಲಿಸಿ, ಮತ್ತೆ ತಿರುಗಿಸಿ. ತಿಳಿನೀರು ಬರುವವರೆಗೆ ಹೀಗೇ ಮಾಡಿ. ಕೋರ್ ತೆರೆದಿದೆಯೇ ಎಂದು ತಿಳಿಯಲು ನಲ್ಲಿಯ ಹೋಸಿನಿಂದ ನೇರ ಬರುವ ಧಾರೆಯನ್ನೂ ಕೋರಿನ ಮೂಲಕ ಬರುವ ಧಾರೆಯನ್ನೂ ಹೋಲಿಸಿ. ಎರಡೂ ಹತ್ತಿರಹತ್ತಿರ ಇರಬೇಕು. ಇನ್ನೂ ಸಣ್ಣಗಿದ್ದರೆ ಅಲ್ಯೂಮಿನಿಯಮ್ಮಿಗೆ ಆಗುವ ಕೂಲಿಂಗ್ ಸಿಸ್ಟಮ್ ಕ್ಲೀನರನ್ನು ಡಬ್ಬಿಯ ಮೇಲೆ ಹೇಳಿದ ಹೊತ್ತಿನಷ್ಟು ಕೋರಿನಲ್ಲಿ ನಿಲ್ಲಿಸಿ ಮತ್ತೆ ತೊಳೆಯಿರಿ. ಡ್ರೈನ್ ಕ್ಲೀನರ್, ಬಾತ್‌ರೂಮ್ ಆ್ಯಸಿಡ್ ಹಾಕಬೇಡಿ, ಲೋಹವನ್ನೇ ತಿನ್ನುತ್ತವೆ. ಕೊನೆಗೆ ಕೋರಿನಲ್ಲಿ ಉಳಿದ ನೀರನ್ನು ಕಡಿಮೆ ಒತ್ತಡದ ಗಾಳಿಯಿಂದ ಹೊರಹಾಕಿ, ಇಲ್ಲದಿದ್ದರೆ ಹೊಸ ಕೂಲಂಟ್ ತೆಳುವಾಗುತ್ತದೆ.

ಬಸಿದ ಕೂಲಂಟನ್ನು ನೆಲಕ್ಕೆ, ಚರಂಡಿಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಪ್ರಾಣ ಹೋಗಲು.

ಬ್ಲೆಂಡ್ ಡೋರ್

ಎರಡೂ ಹೋಸ್ ಬಿಸಿಯಿದ್ದರೆ ಬಾನೆಟ್ ಮುಚ್ಚಿ ಒಳಗೆ ಬನ್ನಿ. ತಣ್ಣನೆ ಗಾಳಿಗೂ ಬಿಸಿ ಗಾಳಿಗೂ ದಾರಿ ಬಿಡುವ ಬಾಗಿಲು ಇದು. ಹಳೆಯ ಕಾರುಗಳಲ್ಲಿ ಕೇಬಲ್ ಅದನ್ನು ಎಳೆಯುತ್ತದೆ. ಟೆಂಪರೇಚರ್ ಗುಂಡಿ ಇದ್ದಕ್ಕಿದ್ದಂತೆ ಹಗುರವಾಗಿ ತಿರುಗುತ್ತಿದ್ದರೆ ಕೇಬಲ್ ಕ್ಲಿಪ್ಪಿನಿಂದ ಜಾರಿದೆ. ಕಾಲಿಡುವ ಜಾಗದಲ್ಲಿ ಟಾರ್ಚ್ ಹಿಡಿದು ಕನ್ಸೋಲಿನ ಪಕ್ಕ ನೋಡಿದರೆ ತುದಿ ನೇತಾಡುವುದು ಕಾಣುತ್ತದೆ. ಮತ್ತೆ ಸಿಕ್ಕಿಸಿದರೆ ಮುಗಿಯಿತು.

ಹೊಸ ಕಾರುಗಳಲ್ಲಿ ಸಣ್ಣ ಎಲೆಕ್ಟ್ರಿಕ್ ಆಕ್ಚುಯೇಟರ್ ಈ ಕೆಲಸ ಮಾಡುತ್ತದೆ. ಅದರ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಾಗ, ಇಗ್ನಿಷನ್ ಹಾಕಿದ ಕೂಡಲೇ ಅಥವಾ ತಾಪ ಬದಲಿಸಿದಾಗ ಡ್ಯಾಶ್‌ಬೋರ್ಡಿನೊಳಗೆ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಕೇಳುತ್ತದೆ. ಎರಡು ಮೂರು ಸ್ಕ್ರೂ ತೆಗೆದು ಆಕ್ಚುಯೇಟರ್ ಬಿಡಿಸಿ, ಬಾಗಿಲಿನ ಶಾಫ್ಟನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಿ ಬಿಸಿಗಾಳಿ ಬಂದರೆ ಆಕ್ಚುಯೇಟರ್ ಬದಲಿಸಿ. ಶಾಫ್ಟ್ ಬಿಗಿಯಾಗಿದ್ದರೆ ಬಾಗಿಲೇ ಸಿಕ್ಕಿಕೊಂಡಿದೆ, ಹೊಸ ಆಕ್ಚುಯೇಟರ್ ಹಾಕಿದರೂ ಅದರ ಹಲ್ಲೂ ಸವೆಯುತ್ತದೆ. ಹಾಕಿದ ಮೇಲೆ ಕ್ಯಾಲಿಬ್ರೇಷನ್ ಬೇಕು. ಕೆಲವು ಕಾರುಗಳು ಇಗ್ನಿಷನ್ ಹಾಕಿದಾಗ ತಾವೇ ಮಾಡಿಕೊಳ್ಳುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಎಡಬಲಕ್ಕೆ ಬೇರೆ ಬೇರೆ ತಾಪ ಇಡುವ ಕಾರಿನಲ್ಲಿ ಒಂದು ಬದಿ ಮಾತ್ರ ತಣ್ಣಗಿದ್ದರೆ ಆ ಬದಿಯ ಆಕ್ಚುಯೇಟರಿನಿಂದಲೇ ಶುರುಮಾಡಿ.

ಗಾಳಿಯೇ ಬರದಿದ್ದರೆ

ಮೊದಲು ಕ್ಯಾಬಿನ್ ಫಿಲ್ಟರ್ ತೆಗೆಯಿರಿ, ಬಹುತೇಕ ಗ್ಲವ್ ಬಾಕ್ಸಿನ ಹಿಂದಿರುತ್ತದೆ. ಒಣಗಿದೆಲೆ, ಇಲಿಗೂಡು ಸೇರಿ ಕಪ್ಪಾಗಿದ್ದರೆ ಬ್ಲೋವರ್ ಎಷ್ಟು ಅರಚಿದರೂ ಗಾಳಿ ಬಾರದು.

ಪೂರ್ತಿ ವೇಗದಲ್ಲಿ ಮಾತ್ರ ಗಾಳಿ ಬಂದು ಉಳಿದ ವೇಗಗಳಲ್ಲಿ ಸತ್ತಿದ್ದರೆ ಬ್ಲೋವರಿನ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಪೂರ್ತಿ ವೇಗದ ಕರೆಂಟ್ ರೆಸಿಸ್ಟರನ್ನು ಬಿಟ್ಟು ನೇರ ಹೋಗುತ್ತದೆ, ಅದಕ್ಕೇ ಅದೊಂದು ಉಳಿಯುವುದು. ರೆಸಿಸ್ಟರನ್ನು ಬ್ಲೋವರಿನ ಗಾಳಿದಾರಿಯಲ್ಲೇ ಇಟ್ಟಿರುತ್ತಾರೆ, ಆ ಗಾಳಿಯೇ ಅದನ್ನು ತಣಿಸಬೇಕು. ಹೊಸದು ಕೆಲವೇ ತಿಂಗಳಲ್ಲಿ ಮತ್ತೆ ಸುಟ್ಟರೆ ಕಟ್ಟಿದ ಫಿಲ್ಟರ್ ಅಥವಾ ಬಿಗಿಹಿಡಿದು ಹೆಚ್ಚು ಕರೆಂಟ್ ಎಳೆಯುವ ಮೋಟರ್ ಕಾರಣ. ಕನೆಕ್ಟರ್ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅದನ್ನೂ ವೈರ್ ಸಮೇತ ಬದಲಿಸಿ. ರೆಸಿಸ್ಟರಿನ ಥರ್ಮಲ್ ಫ್ಯೂಸಿಗೆ ತಂತಿ ಸುತ್ತಿ ಕೆಲಸ ಸಾಗಿಸುವವರಿದ್ದಾರೆ. ಆ ಫ್ಯೂಸ್ ಇರುವುದೇ ಡ್ಯಾಶ್‌ಬೋರ್ಡಿಗೆ ಬೆಂಕಿ ಬೀಳದಿರಲಿ ಎಂದು.

ಯಾವ ವೇಗದಲ್ಲೂ ಇಲ್ಲವೆಂದರೆ ಫ್ಯೂಸ್ ನೋಡಿ, ಹೆಚ್ಚಾಗಿ 30 ಅಥವಾ 40 ಆಂಪಿಯರ್. ಹೋಗಿದ್ದರೆ ಅದೇ ಅಂಕಿಯದ್ದನ್ನೇ ಹಾಕಿ. ನಂತರ ಅದೇ ಮಾದರಿಯ ಇನ್ನೊಂದು ರಿಲೇ ಅದಲುಬದಲು ಮಾಡಿ ನೋಡಿ. ಆಮೇಲೆ ಮೋಟರಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ವೇಗದಲ್ಲಿ ಅಲ್ಲಿ ಎರಡು ಪಿನ್ನುಗಳ ನಡುವೆ 12 ವೋಲ್ಟ್ ಬಂದೂ ಮೋಟರ್ ತಿರುಗದಿದ್ದರೆ ಮೋಟರ್ ಹೋಗಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಎಚ್ಚೆತ್ತರೆ ಕಾರ್ಬನ್ ಬ್ರಷ್ ಸವೆದಿವೆ. ಪಾಸಿಟಿವ್ ಬಂದು ಅರ್ತ್ ಇಲ್ಲದಿದ್ದರೆ ಅರ್ತ್ ವೈರ್ ಹುಡುಕಿ. ಆಟೊಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ; ಅದು ಕೆಟ್ಟರೆ ಎಲ್ಲ ವೇಗವೂ ಒಟ್ಟಿಗೆ ಹೋಗುತ್ತದೆ, ಇಲ್ಲವೇ ಕೀಲಿ ತೆಗೆದರೂ ಬ್ಲೋವರ್ ನಿಲ್ಲುವುದಿಲ್ಲ.

ಕೂಲಂಟ್ ಹೋದದ್ದೆಲ್ಲಿಗೆ?

ಕೋರ್ ಸೋರಿದರೆ ಹೊರಗೆ ಹನಿ ಕಾಣುವುದಿಲ್ಲ, ಒಳಗೆ ಕಾಣುತ್ತದೆ. ಹೀಟರ್ ಹಾಕಿದಾಗ ಸಿಹಿ ವಾಸನೆ, ಮುಂದಿನ ಗಾಜಿನ ಒಳಬದಿಗೆ ಒರೆಸಿದಷ್ಟೂ ಹರಡುವ ಜಿಡ್ಡಿನ ಮಂಜು, ಮುಂದಿನ ಕಾಲಡಿಯ ಕಾರ್ಪೆಟ್ ತೇವ. ಎಸಿಯ ಡ್ರೈನ್ ಕಟ್ಟಿದರೂ ಅದೇ ಜಾಗ ನೆನೆಯುತ್ತದೆ, ಆದರೆ ಅದು ಬರೀ ನೀರು. ಬಿಳಿ ಬಟ್ಟೆ ಒತ್ತಿದರೆ ಬಣ್ಣ ಹತ್ತುವುದಿಲ್ಲ, ಬೆರಳಿಗೆ ಜಾರುವುದಿಲ್ಲ. ಕೋರ್ ಸೋರುವುದು ಖಚಿತವಾಗಿ, ರಿಪೇರಿಗೆ ದಿನ ಬೇಕೆಂದರೆ, ಎಂಜಿನ್ ಕಡೆಯ ಎರಡೂ ಹೀಟರ್ ಹೋಸುಗಳನ್ನು ಒಂದು ಕೊಳವೆಯಿಂದ ಜೋಡಿಸಿ ಕೋರನ್ನು ದಾರಿಯಿಂದ ಬಿಡಬಹುದು. ಕೂಲಂಟ್ ಹರಿವು ನಿಲ್ಲಬಾರದು, ಆದ್ದರಿಂದ ಹೋಸಿಗೆ ಬಿರಡೆ ಹಾಕಬೇಡಿ. ಹೀಟರ್ ಇರುವುದಿಲ್ಲ, ಗಾಜಿನ ಮಂಜು ಬಿಡಿಸುವುದೂ ಕಷ್ಟ ಎಂಬುದು ನೆನಪಿರಲಿ.

ಡೀಸೆಲ್ ಎಂಜಿನ್ನುಗಳು ಐಡಲ್‌ನಲ್ಲಿ ಬಹಳ ನಿಧಾನ ಕಾಯುತ್ತವೆ. ನಿಲ್ಲಿಸಿ ಕಾಯಿಸುವುದಕ್ಕಿಂತ ಓಡಿಸಿದರೆ ಬೇಗ ಬಿಸಿ ಬರುತ್ತದೆ, ಅದು ದೋಷವಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಬಿಸಿ ಬರುವುದು ಹೈ ವೋಲ್ಟೇಜ್ ಕರೆಂಟಿನಿಂದ ಕಾಯುವ ಪಿಟಿಸಿ ಹೀಟರಿನಿಂದ ಅಥವಾ ಹೀಟ್ ಪಂಪಿನಿಂದ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಬೇಡಿ; ಅಲ್ಲಿ ನಿಮ್ಮ ಪಾಲಿಗೆ ಉಳಿಯುವುದು ಕ್ಯಾಬಿನ್ ಫಿಲ್ಟರ್, 12 ವೋಲ್ಟಿನ ಫ್ಯೂಸುಗಳು ಮಾತ್ರ.

ಏನೇ ಸರಿಮಾಡಿದರೂ ಅರ್ಧ ಗಂಟೆ ಓಡಿಸಿ, ಮಧ್ಯದ ವೆಂಟಿಗೆ ಥರ್ಮಾಮೀಟರ್ ಇಟ್ಟು ನೋಡಿ. ಹೀಟರ್ ಪೂರ್ತಿ ಬಿಸಿಯಲ್ಲಿದ್ದು ಬ್ಲೋವರ್ ಮಧ್ಯಮದಲ್ಲಿರುವಾಗ ಅನೇಕ ಕಾರುಗಳಲ್ಲಿ 50 ಡಿಗ್ರಿ ದಾಟುತ್ತದೆ. ಬಿಚ್ಚಿದ ಕ್ಲಾಂಪುಗಳ ಕೆಳಗೆ ಒಣ ಕಾಗದ ಒತ್ತಿ ತೇವ ನೋಡಿ. ಮರುದಿನ ಬೆಳಿಗ್ಗೆ, ಎಂಜಿನ್ ಶುರುಮಾಡುವ ಮೊದಲು, ಟ್ಯಾಂಕಿನ ಮಟ್ಟ ಇನ್ನೊಮ್ಮೆ.